ಖಜಾನೆ ಬಿಗಿಯಿದ್ದಾಗ ಸಾರಿಗೆ ನೌಕರರ ವೇತನ ಮಾತುಕತೆ ಹೇಗೆ ನಡೆಯುತ್ತದೆ?

ಉತ್ತರ ಕನ್ನಡದ ಶಿರಸಿ ಬಸ್ ಘಟಕದ (ಡಿಪೊ) ಒಬ್ಬ ನಿರ್ವಾಹಕರ ಮೂಲ ವೇತನ ತಿಂಗಳಿಗೆ 20,000 ರೂ. ಎಂದಿಟ್ಟುಕೊಳ್ಳೋಣ. ಶೇ 15 ಹೆಚ್ಚಳವೆಂದರೆ 3,000 ರೂ. ಅದು 38 ತಿಂಗಳ ಹಿಂದಿನಿಂದ ನಗದಾಗಿ ಸಿಕ್ಕರೆ ಹಿಂಬಾಕಿಯೇ 1,14,000 ರೂ. ಆಗುತ್ತದೆ. 14 ತಿಂಗಳಿಗಷ್ಟೇ ಸಿಕ್ಕರೆ 42,000 ರೂ. ಇನ್ನು ಮುಂದಕ್ಕೆ ಮಾತ್ರ ಅಂದರೆ ಹಿಂಬಾಕಿ ಸೊನ್ನೆ. ಮೂರರಲ್ಲಿ ಯಾವುದಾದರೂ ಮರುದಿನದ ಪತ್ರಿಕೆಯ ತಲೆಬರಹ ಒಂದೇ: ‘ಸಾರಿಗೆ ನೌಕರರಿಗೆ ಶೇ 15 ವೇತನ ಹೆಚ್ಚಳ’.

38 ಮತ್ತು 14 ಸುಮ್ಮನೆ ಹಿಡಿದ ಅಂಕಿಗಳಲ್ಲ. ರಾಜ್ಯದ ನಾಲ್ಕು ಸಾರಿಗೆ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ ಆಗಬೇಕೆಂಬ ಪದ್ಧತಿ ಇದೆ. 2016ರ ಜನವರಿ 1ರಿಂದ ಅನ್ವಯವಾದ ಪರಿಷ್ಕರಣೆ ಶೇ 12.5. ಅದರ ಮುಂದಿನದು 2020ರ ಜನವರಿ 1ಕ್ಕೆ ಆಗಬೇಕಿತ್ತು. ಕೋವಿಡ್, ಎರಡು ಮುಷ್ಕರ ಎಲ್ಲ ದಾಟಿ ಶೇ 15ರ ಆದೇಶ ಬಂದದ್ದು 2023ರ ಮಾರ್ಚ್‌ನಲ್ಲಿ. ಹೆಚ್ಚಳದ ಲೆಕ್ಕ 2020ರಿಂದ, ಕೈಗೆ ಬರುವ ಹಣ ಮಾತ್ರ 2023ರ ಮಾರ್ಚ್ 1ರಿಂದ. ನಡುವಿನ 38 ತಿಂಗಳು ಯಾರ ಜೇಬಿನದು ಎಂಬ ಜಗಳ ಅಲ್ಲಿಂದ ಶುರುವಾಯಿತು. ಸಂಘಟನೆಗಳ ಲೆಕ್ಕದಲ್ಲಿ ಈ ಬಾಕಿ ಸುಮಾರು 1,785 ಕೋಟಿ ರೂ. ನಾಲ್ಕೂ ನಿಗಮಗಳ ಸುಮಾರು 1.15 ಲಕ್ಷ ನೌಕರರಿಗೆ ಹಂಚಿದರೆ ತಲೆಗೆ ಸರಾಸರಿ ಒಂದೂವರೆ ಲಕ್ಷ ರೂ. ದಾಟುತ್ತದೆ. ಮುಂದೆ ಸರ್ಕಾರ ನೇಮಿಸಿದ ಏಕಸದಸ್ಯ ಸಮಿತಿಯ ವರದಿಯ ಆಧಾರದ ಮೇಲೆ 14 ತಿಂಗಳ ಬಾಕಿಯ ಮಾತು ಮೇಜಿಗೆ ಬಂತು.

ಸರ್ಕಾರದ ಬಳಿ ಹಣ ಸಲೀಸಾಗಿದ್ದ ಕಾಲದಲ್ಲಿ ಚೌಕಾಸಿ ನಡೆಯುವುದು ಶೇಕಡಾವಾರಿನ ಮೇಲೆ. ಖಜಾನೆ ಬಿಗಿಯಾದಾಗ ಅದು ತಾರೀಖಿನ ಮೇಲೆ ನಡೆಯುತ್ತದೆ. ಶೇಕಡಾವಾರು ಎಲ್ಲರ ಕಣ್ಣಿಗೂ ಬೀಳುವ ಅಂಕಿ, ಅದನ್ನು ಇಳಿಸಿದರೆ ರಾಜಕೀಯವಾಗಿ ನಷ್ಟ. ತಾರೀಖನ್ನು ಮುಂದೂಡಿದರೆ ಅಷ್ಟೇ ಹಣ ಉಳಿಯುತ್ತದೆ, ಗೊತ್ತಾಗುವುದು ನೌಕರರ ಮನೆಯವರಿಗೆ ಮಾತ್ರ.

ಇನ್ನೊಂದು ಲೆಕ್ಕ ನೋಡಿ. ಅದೇ ನಿರ್ವಾಹಕರಿಗೆ ಎರಡು ಆಯ್ಕೆ ಕೊಟ್ಟರು ಅಂತಿಟ್ಟುಕೊಳ್ಳಿ. ಒಂದು, ಶೇ 12 ಹೆಚ್ಚಳ, 38 ತಿಂಗಳ ಪೂರ್ತಿ ಹಿಂಬಾಕಿ ಸಹಿತ. ಇನ್ನೊಂದು, ಶೇ 15, ಹಿಂಬಾಕಿ ಇಲ್ಲ. ಮೊದಲನೆಯದರಲ್ಲಿ ಕೈಗೆ ಬರುವ ಬಾಕಿ 91,200 ರೂ. ಎರಡನೆಯದರಲ್ಲಿ ತಿಂಗಳಿಗೆ 600 ರೂ. ಹೆಚ್ಚು. ಈ 600 ಸೇರಿ ಸೇರಿ 91,200 ಆಗಲು 152 ತಿಂಗಳು, ಅಂದರೆ 12 ವರ್ಷ 8 ತಿಂಗಳು ಬೇಕು. (ತುಟ್ಟಿಭತ್ಯೆ, ವಾರ್ಷಿಕ ವೇತನ ಬಡ್ತಿ ಬಿಟ್ಟು ಹಾಕಿದ ಸರಳ ಲೆಕ್ಕ. ಅವನ್ನು ಸೇರಿಸಿದರೆ ಅವಧಿ ಹಿಂದೆಮುಂದೆ ಆಗುತ್ತದೆ.) 60ಕ್ಕೆ ನಿವೃತ್ತಿಯಾಗುವ 55ರ ಚಾಲಕರಿಗೆ ಮೊದಲನೆಯದೇ ಲಾಭ. 30 ವರ್ಷ ಸೇವೆಯಾದವರಿಗೆ 600 ರೂ. ವ್ಯತ್ಯಾಸದಿಂದ ಗ್ರಾಚ್ಯುಟಿಯಲ್ಲಿ (ನಿವೃತ್ತಿಯಾದಾಗ ಸಿಗುವ ಇಡುಗಂಟು) ಹೆಚ್ಚುವುದು ಸುಮಾರು 10,400 ರೂ. ಅಷ್ಟೇ. 28ರ ಹುಡುಗನಿಗೆ ಎರಡನೆಯದು ಲಾಭ. ಒಂದೇ ಸಂಘದೊಳಗೆ ಹಿರಿಯರೂ ಕಿರಿಯರೂ ಬೇರೆ ಬೇರೆ ದಿಕ್ಕಿಗೆ ಎಳೆಯುವುದು ಇದಕ್ಕೇ. ಇದನ್ನು ಯಾವ ಮುಖಂಡರೂ ವೇದಿಕೆಯ ಮೇಲೆ ಹೇಳುವುದಿಲ್ಲ.

ಮೇಜಿನ ಆಚೆ ಕೂತವರ ಕೈಯಲ್ಲಿ ಕೀಲಿ ಇಲ್ಲ

ಉತ್ತರ ಕನ್ನಡದ ಬಸ್ಸುಗಳು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯವು. ಕೇಂದ್ರ ಕಚೇರಿ ಹುಬ್ಬಳ್ಳಿ, ವ್ಯಾಪ್ತಿ ಆರು ಜಿಲ್ಲೆ. ನಮ್ಮ ಜಿಲ್ಲೆಯ ವಿಭಾಗೀಯ ಕಚೇರಿ ಇರುವುದು ಕಾರವಾರದಲ್ಲಲ್ಲ, ಶಿರಸಿಯಲ್ಲಿ. ಘಟಕ ವ್ಯವಸ್ಥಾಪಕರು, ಅವರ ಮೇಲೆ ವಿಭಾಗೀಯ ನಿಯಂತ್ರಣಾಧಿಕಾರಿ, ಅವರ ಮೇಲೆ ಹುಬ್ಬಳ್ಳಿಯ ವ್ಯವಸ್ಥಾಪಕ ನಿರ್ದೇಶಕರು. ಇವರಲ್ಲಿ ಯಾರಿಗೂ ಒಂದು ಪೈಸೆ ವೇತನ ಹೆಚ್ಚಿಸುವ ಅಧಿಕಾರ ಇಲ್ಲ. ನಿಗಮ ಕಾಗದದ ಮೇಲೆ ಮಾಲೀಕ. ಆದರೆ ಪ್ರಸ್ತಾವನೆ ಸಾರಿಗೆ ಇಲಾಖೆ ದಾಟಿ ಆರ್ಥಿಕ ಇಲಾಖೆಯ ಸಹಮತಿಗೆ ಹೋಗಬೇಕು. ಈಚಿನ ವರ್ಷಗಳಲ್ಲಿ ಮುಖ್ಯಮಂತ್ರಿಗಳೇ ಹಣಕಾಸು ಖಾತೆಯನ್ನೂ ಇಟ್ಟುಕೊಂಡಿರುವುದರಿಂದ ಕೊನೆಯ ಸಭೆ ಸದಾ ಅವರ ಎದುರೇ. ನಿಗಮದ ಮಟ್ಟದ ಸಭೆಗಳು ವಿಫಲವಾದವು ಎಂಬ ಸುದ್ದಿ ಓದಿ ಗಾಬರಿಯಾಗಬೇಕಿಲ್ಲ. ಅವು ಸಫಲವಾಗುವ ಸಾಧ್ಯತೆಯೇ ಇರುವುದಿಲ್ಲ, ದಾಖಲೆಗಾಗಿ ನಡೆಯಬೇಕು, ನಡೆಯುತ್ತವೆ.

ನಿಗಮದ ಆದಾಯವೂ ನಿಗಮದ ಕೈಯಲ್ಲಿಲ್ಲ. ಟಿಕೆಟ್ ದರ ಏರಿಸಲು ಸರ್ಕಾರದ ಒಪ್ಪಿಗೆ ಬೇಕು. 2020ರ ಫೆಬ್ರವರಿಯಲ್ಲಿ ಶೇ 12 ಏರಿದ ದರ ಮತ್ತೆ ಏರಿದ್ದು 2025ರ ಜನವರಿ 5ರಂದು, ಶೇ 15. ನಡುವಿನ ಸುಮಾರು ಐದು ವರ್ಷ ಡೀಸೆಲ್ ದರ, ತುಟ್ಟಿಭತ್ಯೆ, ಬಿಡಿಭಾಗ ಎಲ್ಲ ಏರಿದವು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಶೂನ್ಯ ಟಿಕೆಟ್‌ನ ಮೊತ್ತವನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. ಅದು ಪೂರ್ತಿಯಾಗಿ, ಸಮಯಕ್ಕೆ ಬರುತ್ತಿಲ್ಲ ಎಂಬುದು ಸಂಘಟನೆಗಳ ವಾದ. ಬಸ್ಸು ಭರ್ತಿ, ಗಲ್ಲಾ ಖಾಲಿ. ಮಾತುಕತೆಯಲ್ಲಿ ಇದೇ ಅವರ ಗಟ್ಟಿ ಅಸ್ತ್ರ: ‘ನಾವು ಕೇಳುತ್ತಿರುವುದು ಅನುದಾನವಲ್ಲ, ನಿಮ್ಮಿಂದ ನಿಗಮಕ್ಕೆ ಬರಬೇಕಾದ ಬಾಕಿ.’

ಘಟ್ಟದ ವಿಭಾಗಕ್ಕೆ ಇನ್ನೊಂದು ತೊಂದರೆ. ನಿಗಮದಲ್ಲಿ ಪ್ರತಿ ಘಟಕವನ್ನು ಅಳೆಯುವುದು ಕೆಎಂಪಿಎಲ್ ಮತ್ತು ಇಪಿಕೆಎಂನಲ್ಲಿ, ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರು, ಕಿಲೋಮೀಟರಿಗೆ ಎಷ್ಟು ಗಳಿಕೆ. ಶಿರಸಿ–ಕುಮಟಾ ನಡುವೆ ದೇವಿಮನೆ ಘಟ್ಟ, ಯಲ್ಲಾಪುರ–ಅಂಕೋಲಾ ನಡುವೆ ಅರಬೈಲ್ ಘಟ್ಟ. ಲೋ ಗೇರಿನಲ್ಲಿ ಏರುವ ಬಸ್ಸು ಬಯಲುಸೀಮೆಯ ಬಸ್ಸಿನಷ್ಟು ಮೈಲೇಜ್ ಕೊಡುವುದಿಲ್ಲ. ಸಿದ್ದಾಪುರ, ಜೋಯಿಡಾ ಕಡೆಯ ಹಳ್ಳಿ ಮಾರ್ಗಗಳಲ್ಲಿ ಮನೆಗಳೇ ದೂರ ದೂರ, ಜನ ತುಂಬುವುದು ಶಾಲೆ ಬಿಡುವ ಹೊತ್ತಿಗೆ ಮಾತ್ರ, ಅವರಲ್ಲೂ ಹೆಚ್ಚಿನವರು ಪಾಸ್‌ನವರು. ಶಿರಸಿಯ ಮಾರಿಕಾಂಬಾ ಜಾತ್ರೆ ಬಂದರೆ ಗಳಿಕೆ ಜಿಗಿಯುತ್ತದೆ, ಆದರೆ ಅದು ಎರಡು ವರ್ಷಕ್ಕೊಮ್ಮೆ. ಹೀಗಾಗಿ ‘ಗಳಿಕೆ ಹೆಚ್ಚಿಸಿ, ವೇತನ ಕೇಳಿ’ ಎಂಬ ಮಾತು ಇಲ್ಲಿನ ಸಿಬ್ಬಂದಿಗೆ ಅನ್ವಯಿಸಿದರೆ ಅನ್ಯಾಯ.

ಬಿಗಿ ಎಂದರೆ ಎಷ್ಟು ಬಿಗಿ?

‘ದುಡ್ಡಿಲ್ಲ’ ಎಂಬ ಮಾತನ್ನು ನಂಬಬೇಕೋ ಬೇಡವೋ ಎಂದು ತಿಳಿಯಲು ಬಜೆಟ್ ಪುಸ್ತಕದಲ್ಲಿ ನಾಲ್ಕೈದು ಅಂಕಿ ಸಾಕು. 2025-26ರ ರಾಜ್ಯ ಬಜೆಟ್ ಗಾತ್ರ 4,09,549 ಕೋಟಿ ರೂ. ಅದರಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ. ರಾಜಸ್ವ ಕೊರತೆ, ಅಂದರೆ ದಿನನಿತ್ಯದ ಖರ್ಚು ಆದಾಯವನ್ನು ಮೀರಿದ ಮೊತ್ತ, 19,262 ಕೋಟಿ. ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ 2002ರ ಪ್ರಕಾರ ವಿತ್ತೀಯ ಕೊರತೆ (ಆ ವರ್ಷ ಸಾಲದಿಂದ ತುಂಬಬೇಕಾದ ಅಂತರ) ರಾಜ್ಯದ ಆಂತರಿಕ ಉತ್ಪನ್ನದ ಶೇ 3ರೊಳಗೆ ಇರಬೇಕು. ಆ ವರ್ಷದ ಅಂದಾಜು ಶೇ 2.95. ಒಟ್ಟು ಸಾಲದ ಮಿತಿ ಶೇ 25. ಅಂದಾಜು ಶೇ 24.91. ಎರಡೂ ಮಿತಿಗಳಿಗೆ ಮೈ ತಾಗಿಸಿಕೊಂಡು ನಿಂತ ಬಜೆಟ್ ಅದು.

ಸಂಬಳ ಎನ್ನುವುದು ರಾಜಸ್ವ ವೆಚ್ಚ. ರಸ್ತೆಗೆ, ಸೇತುವೆಗೆ ಸಾಲ ಮಾಡಿದರೆ ಆಸ್ತಿ ಉಳಿಯಿತು ಎನ್ನಬಹುದು. ಸಂಬಳಕ್ಕೆ ಸಾಲ ಮಾಡಿದರೆ ರಾಜಸ್ವ ಕೊರತೆ ಅಷ್ಟೇ ಹಿಗ್ಗುತ್ತದೆ. ಅದರಲ್ಲೂ ಹಿಂಬಾಕಿ ಒಂದೇ ಹಣಕಾಸು ವರ್ಷದ ಮೇಲೆ ಬೀಳುವ ಹೊರೆ. ಆರ್ಥಿಕ ಇಲಾಖೆಯವರು ಶೇಕಡಾವಾರಿಗಿಂತ ಹಿಂಬಾಕಿಗೆ ಹೆಚ್ಚು ತಕರಾರು ತೆಗೆಯುವುದು ಇದಕ್ಕೇ.

ಆದರೆ ಬಿಗಿ ಎಂಬುದು ಆಯ್ಕೆಯೂ ಹೌದು. ರಾಜ್ಯ ಸರ್ಕಾರಿ ನೌಕರರಿಗೆ 2023ರ ಮಾರ್ಚ್ 1ರ ಮುಷ್ಕರದ ಬೆನ್ನಿಗೇ ಶೇ 17 ಮಧ್ಯಂತರ ಪರಿಹಾರ ಸಿಕ್ಕಿತು. ಏಳನೇ ವೇತನ ಆಯೋಗದ ಶೇ 27.5 ಫಿಟ್‌ಮೆಂಟ್ (ವೇತನ ಹೆಚ್ಚಳದ ಪ್ರಮಾಣ) 2024ರ ಆಗಸ್ಟ್ 1ರಿಂದ ಜಾರಿಯಾಯಿತು. ಕನಿಷ್ಠ ಮೂಲ ವೇತನ 17,000ದಿಂದ 27,000 ರೂ.ಗೆ ಏರಿತು. ವರ್ಷಕ್ಕೆ ಹೆಚ್ಚುವರಿ ಹೊರೆ 20,208 ಕೋಟಿ ಎಂದು ಸರ್ಕಾರವೇ ಹೇಳಿತು. ಅಲ್ಲೂ ತಾರೀಖಿನದೇ ಆಟ: ಕಾಲ್ಪನಿಕ ಲೆಕ್ಕ, ಅಂದರೆ ಕಾಗದದ ಮೇಲಿನ ಹೆಚ್ಚಳ, 2022ರ ಜುಲೈ 1ರಿಂದ, ನಗದು 2024ರ ಆಗಸ್ಟ್‌ನಿಂದ. ಅಷ್ಟು ದೊಡ್ಡ ಮೊತ್ತ ಹೊಂದಿಸಿದವರು 1,785 ಕೋಟಿಗೆ ಕೈ ಚೆಲ್ಲಿದರೆ ಸಾರಿಗೆ ನೌಕರರು ಮುನಿಸಿಕೊಳ್ಳುವುದು ಸಹಜ. ಇತ್ತ 2025ರ ಜನವರಿಯಲ್ಲಿ ನಾಲ್ಕು ನಿಗಮಗಳಿಗೆ ಭವಿಷ್ಯ ನಿಧಿ ಮತ್ತು ಇಂಧನ ಬಾಕಿ ತೀರಿಸಲು 2,000 ಕೋಟಿ ರೂ. ಸಾಲ ಎತ್ತಲು ಸಂಪುಟ ಒಪ್ಪಿತು. ಅದರಲ್ಲಿ ವಾಯವ್ಯದ ಪಾಲು 646 ಕೋಟಿ, ನಾಲ್ಕರಲ್ಲಿ ಅತಿ ಹೆಚ್ಚು. ಹಳೆಯ ಬಾಕಿ ತೀರಿಸಲು ಹೊಸ ಸಾಲ ಮಾಡುವ ನಿಗಮ ವೇತನದ ಮೇಜಿಗೆ ಬರುವಾಗ ಎಷ್ಟು ಬಲದಿಂದ ಬಂದೀತು, ಊಹಿಸಬಹುದು.

ಇಲ್ಲೇ ಸಂಘಟನೆಗಳಲ್ಲೂ ಒಡಕು. ಕೆಲವು ಸಂಘಗಳು ಸೇರಿದ ಜಂಟಿ ಕ್ರಿಯಾ ಸಮಿತಿಯ ದಾರಿ ನಾಲ್ಕು ವರ್ಷಕ್ಕೊಮ್ಮೆ ಕೈಗಾರಿಕಾ ಒಪ್ಪಂದ. ಇನ್ನೊಂದು ಗುಂಪಿನ ಬೇಡಿಕೆ ಸರ್ಕಾರಿ ನೌಕರರಿಗೆ ಸರಿಸಮಾನ ವೇತನ. ಸರಿಸಮಾನ ಅಂದರೆ ಮೊತ್ತ ದೊಡ್ಡದು, ಆದರೆ ಮುಂದೆ ಚೌಕಾಸಿ ಮಾಡುವ ಹಕ್ಕು ಕೈಬಿಟ್ಟು ಆಯೋಗದ ವರದಿಗೆ ಕಾಯಬೇಕು. ಎರಡು ಗುಂಪು ಎರಡು ಪಟ್ಟಿ ಹಿಡಿದು ಹೋದರೆ ಸರ್ಕಾರಕ್ಕೆ ಕೆಲಸ ಸುಲಭ: ಯಾರ ಜೊತೆ ಮಾತಾಡಬೇಕು ನೀವೇ ತೀರ್ಮಾನಿಸಿ ಬನ್ನಿ ಎಂದು ಒಂದೆರಡು ತಿಂಗಳು ತಳ್ಳಬಹುದು.

ಬೇಡಿಕೆ ಪಟ್ಟಿಯಿಂದ ಸಹಿಯವರೆಗೆ

ಒಪ್ಪಂದದ ಅವಧಿ ಮುಗಿದ ಮಾತ್ರಕ್ಕೆ ಅದು ಸಾಯುವುದಿಲ್ಲ. ಕೈಗಾರಿಕಾ ವಿವಾದ ಕಾಯ್ದೆ 1947ರ ಕಾಲದಲ್ಲಿ, ಒಂದು ಪಕ್ಷ ಬರಹದಲ್ಲಿ ನೋಟಿಸ್ ಕೊಟ್ಟು ಎರಡು ತಿಂಗಳು ಕಳೆಯುವವರೆಗೂ ಹಳೆ ಒಪ್ಪಂದವೇ ಊರ್ಜಿತ. ಮೊದಲು ಆ ನೋಟಿಸ್, ಜೊತೆಗೆ ಬೇಡಿಕೆ ಪಟ್ಟಿ. ಪಟ್ಟಿಯ ಮೊದಲ ಅಂಕಿ ಎತ್ತರದಲ್ಲೇ ಇರುತ್ತದೆ. 2016ರಲ್ಲಿ ಶೇ 35 ಕೇಳಿ, ಜುಲೈನಲ್ಲಿ ಮೂರು ದಿನ ಬಸ್ಸು ನಿಲ್ಲಿಸಿ, ಕೊನೆಗೆ ಒಪ್ಪಿದ್ದು 12.5.

ಆಡಳಿತ ಮಂಡಳಿ ಮಾಡುವ ಮೊದಲ ಕೆಲಸ ವೆಚ್ಚದ ತಖ್ತೆ. ಶೇ 1 ಹೆಚ್ಚಿಸಿದರೆ ವರ್ಷಕ್ಕೆ ಎಷ್ಟು, ಭವಿಷ್ಯ ನಿಧಿಗೆ ಎಷ್ಟು, ಗ್ರಾಚ್ಯುಟಿಗೆ ಎಷ್ಟು ಎಂದು. ಇಲ್ಲಿ ಶೇಕಡಾವಾರಿನ ಹಿಂದೆ ಅಡಗಿದ ಇನ್ನೊಂದು ಪ್ರಶ್ನೆ ಇದೆ: ಶೇಕಡಾ ಯಾವುದರ ಮೇಲೆ? ಮೂಲ ವೇತನ 20,000, ತುಟ್ಟಿಭತ್ಯೆ ಶೇ 31, ಅಂದರೆ 6,200. ಬರೀ ಮೂಲದ ಮೇಲೆ ಶೇ 25 ಅಂದರೆ 5,000. ತುಟ್ಟಿಭತ್ಯೆಯನ್ನು ಮೊದಲು ಮೂಲಕ್ಕೆ ವಿಲೀನ ಮಾಡಿ 26,200ರ ಮೇಲೆ ಶೇ 25 ಅಂದರೆ 6,550. ಹೇಳಿದ ಶೇಕಡಾ ಒಂದೇ, ವ್ಯತ್ಯಾಸ ತಿಂಗಳಿಗೆ 1,550. ವಿಲೀನವೊಂದರಿಂದಲೇ ಆ ದಿನ ಕೈಗೆ ಬರುವ ಸಂಬಳ ಹೆಚ್ಚೇನೂ ಏರದು. ಆದರೆ ಮೂಲ ವೇತನದ ಮೇಲೆ ಲೆಕ್ಕವಾಗುವ ಮನೆಬಾಡಿಗೆ ಭತ್ಯೆ ಶೇ 7.5 ಎಂದು ಹಿಡಿದರೆ 1,500 ಇದ್ದದ್ದು 1,965 ಆಗುತ್ತದೆ, ವಾರ್ಷಿಕ ವೇತನ ಬಡ್ತಿಯೂ ದೊಡ್ಡದಾಗುತ್ತದೆ. ಗ್ರಾಚ್ಯುಟಿಗೆ ಮೂಲ ಮತ್ತು ತುಟ್ಟಿಭತ್ಯೆ ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕುವುದರಿಂದ ಅಲ್ಲಿ ವಿಲೀನದಿಂದ ಲಾಭವಿಲ್ಲ. 2024ರ ಜನವರಿ 1ರಿಂದ ಆಗಬೇಕಿದ್ದ ಪರಿಷ್ಕರಣೆಗೆ ಸಂಘಟನೆಗಳು ಶೇ 25ರ ಜೊತೆ ವಿಲೀನವನ್ನೂ ಕೇಳಿದ್ದರ ಗುಟ್ಟು ಇದು.

ಮಾತುಕತೆ ಮುರಿದರೆ ಮುಷ್ಕರದ ನೋಟಿಸ್. ಇದರಲ್ಲಿ ಎಡವುವವರೇ ಹೆಚ್ಚು. 2025ರ ನವೆಂಬರ್ 21ರಿಂದ ಹಳೆ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ 2020 ಬಂದಿದೆ. ಎರಡರಲ್ಲೂ ನೋಟಿಸ್ ಕೊಟ್ಟ 14 ದಿನದೊಳಗೆ ಮುಷ್ಕರ ಮಾಡುವಂತಿಲ್ಲ. ಹಳೆಯದರಲ್ಲಿ ನೋಟಿಸ್‌ಗೆ ಆರು ವಾರದ ಆಯಸ್ಸು, ಹೊಸದರಲ್ಲಿ 60 ದಿನ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಸಂಧಾನ ಶುರು ಮಾಡಿದರೆ ಅದು ಮುಗಿಯುವವರೆಗೆ, ಮುಗಿದು ಏಳು ದಿನದವರೆಗೆ ಮುಷ್ಕರ ಕಾನೂನುಬಾಹಿರ. ಸಂಹಿತೆಯ ಪ್ರಕಾರ ನೋಟಿಸ್ ಮೇಲೆ ಅಧಿಕಾರಿ ಮೊದಲ ಸಭೆ ನಡೆಸಿದ ದಿನವೇ ಸಂಧಾನ ಶುರು. ಅಂದರೆ ಮುಷ್ಕರದ ಹಿಂದಿನ ದಿನ ಒಂದು ಸಭೆ ಕರೆದರೂ ಸಾಕು, ಮರುದಿನದ ಮುಷ್ಕರಕ್ಕೆ ಕಾನೂನಿನ ಬೆಂಬಲ ಇಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೇ ರಜೆ ಹಾಕುವ ಹಳೆ ಉಪಾಯವೂ ಈಗ ಮುಷ್ಕರವೆಂದೇ ಲೆಕ್ಕ. ಯಾರ ಜೊತೆ ಮಾತು ಎಂಬುದಕ್ಕೂ ಸಂಹಿತೆ ಉತ್ತರ ಕೊಡುತ್ತದೆ: ಶೇ 51 ಕಾರ್ಮಿಕರ ಬೆಂಬಲವಿದ್ದರೆ ಆ ಸಂಘವೊಂದೇ, ಇಲ್ಲದಿದ್ದರೆ ಶೇ 20ಕ್ಕೆ ಕಡಿಮೆಯಿಲ್ಲದ ಬೆಂಬಲವಿರುವ ಸಂಘಗಳ ಮಂಡಳಿ.

ಇವೆಲ್ಲದರ ಮೇಲೆ ಎಸ್ಮಾ, ಅಂದರೆ ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆ. ಅದು ಜಾರಿಯಲ್ಲಿದ್ದರೆ ನೋಟಿಸ್ ಎಷ್ಟೇ ಸರಿಯಾಗಿದ್ದರೂ ಮುಷ್ಕರ ನಿಷಿದ್ಧ. 2025ರ ಆಗಸ್ಟ್ 5ರಂದು ಬಸ್ಸುಗಳು ನಿಂತಾಗ ಹೈಕೋರ್ಟ್ ಕಟುವಾಗಿ ಹೇಳಿದ ಮೇಲೆ ಅದೇ ದಿನ ಮುಷ್ಕರ ಮುಂದೂಡಬೇಕಾಯಿತು. 2021ರ ಏಪ್ರಿಲ್ 7ರಿಂದ ಎರಡು ವಾರ ನಡೆದ ಮುಷ್ಕರವೂ ಕೊನೆಗೆ ಹೈಕೋರ್ಟ್ ಸೂಚನೆಯ ಮೇಲೆ ನಿಂತದ್ದು. ಆಗ ಏಟು ತಿಂದವರು ತರಬೇತಿ ಅವಧಿಯವರು, ಪ್ರೊಬೇಷನರಿಗಳು. ಅವರನ್ನು ತೆಗೆಯಲು ದೊಡ್ಡ ವಿಚಾರಣೆ ಬೇಕಿಲ್ಲವಾದ್ದರಿಂದ ಮೊದಲ ಪಟ್ಟಿ ಅವರದೇ ಬಂತು. ಕಾಯಂ ನೌಕರರಿಗೆ ವರ್ಗಾವಣೆ, ಅಮಾನತು, ‘ಕೆಲಸ ಇಲ್ಲ, ಸಂಬಳ ಇಲ್ಲ’. ಸರಿಯಾದ ನೋಟಿಸ್ ಇಲ್ಲದೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೂಡಿ ಗೈರಾದರೆ ಎಂಟು ದಿನದ ವೇತನದವರೆಗೆ ಕಡಿತ ಮಾಡಲು ವೇತನ ಕಾನೂನಿನಲ್ಲೇ ಅವಕಾಶ ಇದೆ.

ಮುಷ್ಕರದ ಬಲ ಊರಿಂದ ಊರಿಗೆ ಬೇರೆ. ಕಾರವಾರ, ಕುಮಟಾ, ಭಟ್ಕಳಕ್ಕೆ ಕೊಂಕಣ ರೈಲು ಇದೆ, ಹೆದ್ದಾರಿಯ ಮೇಲೆ ಟೆಂಪೊ ಓಡುತ್ತವೆ, ಕಾರವಾರಕ್ಕೆ ಗೋವಾದ ಕದಂಬ ಬಸ್ಸು ಬರುತ್ತದೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೆ ರೈಲೇ ಇಲ್ಲ. ವಸ್ತಿ ಬಸ್ಸು ಹಿಂದಿನ ಸಂಜೆ ಹಳ್ಳಿಗೆ ಹೋಗದಿದ್ದರೆ ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮಕ್ಕಳಿಗೆ ಬೇರೆ ದಾರಿ ಇಲ್ಲ. ಬಸ್ಸು ನಿಂತರೆ ಅತಿ ಹೆಚ್ಚು ತಟ್ಟುವ ಜಾಗ ಮತ್ತು ಬೆಂಗಳೂರಿಗೆ ಅತಿ ಕಡಿಮೆ ಕೇಳಿಸುವ ಜಾಗ ಎರಡೂ ಒಂದೇ ಆಗಿರುವುದು ಇಲ್ಲಿನ ವಿಪರ್ಯಾಸ.

ಹಣವಿಲ್ಲದ ಕಾಲದಲ್ಲಿ ಗೆಲ್ಲಬಹುದಾದ ಬೇಡಿಕೆಗಳು ಬೇರೆ ಇವೆ, ಅವು ಶಿರಸಿಯ ವಿಭಾಗೀಯ ಕಚೇರಿಯಲ್ಲೇ ತೀರಬಲ್ಲವು: ವಸ್ತಿ ಊರಲ್ಲಿ ಮಲಗಲು ಸರಿಯಾದ ಕೋಣೆ ಮತ್ತು ಶೌಚಾಲಯ, ಡಬಲ್ ಡ್ಯೂಟಿಗೆ ಮಿತಿ, ವಾರದ ರಜೆಯ ರೋಟಾ ಮುಂಗಡವಾಗಿ ಫಲಕದ ಮೇಲೆ, ಮಳೆಗಾಲದಲ್ಲಿ ಘಟ್ಟದ ಮಾರ್ಗಗಳ ಓಟದ ಸಮಯ ಹೆಚ್ಚಿಸುವುದು. ಇದೇ ಅತಿ ಉಪಯುಕ್ತ ಎನ್ನಬೇಕು. ದೇವಿಮನೆಯಲ್ಲಿ ಮಣ್ಣು ಕುಸಿದು ಅರ್ಧ ಗಂಟೆ ತಡವಾದರೆ ಚಾಲಕರ ವಿಶ್ರಾಂತಿಯೇ ಹೋಗುತ್ತದೆ, ಆದರೂ ರಾಜ್ಯಮಟ್ಟದ ಪಟ್ಟಿಯಲ್ಲಿ ಇಂಥದ್ದಕ್ಕೆ ಜಾಗ ಸಿಗುವುದಿಲ್ಲ.

ಕೊನೆಗೆ ಬರುವ ಕಾಗದ ಎರಡು ಬಗೆಯದು. ಸಂಧಾನಾಧಿಕಾರಿಯ ಎದುರು ಸಹಿಯಾದ ಒಪ್ಪಂದ ಸಂಘದ ಸದಸ್ಯರಲ್ಲದವರಿಗೂ ಅನ್ವಯ, ಜಾರಿ ಮಾಡದಿದ್ದರೆ ಕಾನೂನಿನಡಿ ವಸೂಲಿಗೆ ಹೋಗಬಹುದು. ಸರ್ಕಾರದ ಆದೇಶವಾದರೆ ಅದರ ಪದಗಳೇ ಎಲ್ಲ. 2023ರದು ಎರಡನೆಯ ಬಗೆ, ಜಗಳ ಉಳಿದದ್ದು ಅದಕ್ಕೂ ಹೌದು. ಕಾಗದ ಕೈಗೆ ಬಂದರೆ ಶೇಕಡಾವಾರು ಆಮೇಲೆ ನೋಡಿ. ಮೊದಲು ಕಾಲ್ಪನಿಕ ತಾರೀಖು, ನಗದು ತಾರೀಖು, ಯಾವ ಮೂಲದ ಮೇಲೆ ಲೆಕ್ಕ ಎಂಬುದನ್ನು ನೋಡಬೇಕು. ಹಿಂಬಾಕಿ ಕಂತುಗಳಿಗೆ ತಿಂಗಳು ಮತ್ತು ಹಣಕಾಸು ವರ್ಷ ಬರೆದಿದೆಯೇ? ‘ಆರ್ಥಿಕ ಸ್ಥಿತಿ ಸುಧಾರಿಸಿದ ಮೇಲೆ’ ಎಂದಿದ್ದರೆ ಅದು ಕಂತಲ್ಲ, ಆಶ್ವಾಸನೆ. ಮುಷ್ಕರದ ಕಾರಣಕ್ಕೆ ಯಾರ ಮೇಲೂ ಕ್ರಮವಿಲ್ಲ ಎಂಬ ಷರತ್ತು ಇದೆಯೇ, ಆಗಲೇ ವಜಾ ಆದವರನ್ನು ಹೆಸರಿಸಿದೆಯೇ? ಹಿಂಬಾಕಿ ಒಂದೇ ಗಂಟಾಗಿ ಬಂದರೆ ಆ ವರ್ಷದ ಆದಾಯ ತೆರಿಗೆ ಏರುತ್ತದೆ. ಹಳೆ ವರ್ಷಗಳಿಗೆ ಹಂಚಿ ಪರಿಹಾರ ಪಡೆಯಲು ರಿಟರ್ನ್‌ಗೂ ಮೊದಲೇ ನಿಗದಿತ ನಮೂನೆ ಸಲ್ಲಿಸಬೇಕು.

ನಿವೃತ್ತರು ಮೇಜಿನ ಹತ್ತಿರ ಇರುವುದಿಲ್ಲ, ಆದ್ದರಿಂದ ಅವರ ಸಾಲನ್ನು ಹುಡುಕಿಯೇ ಓದಬೇಕು. 2021ರಲ್ಲಿ 30 ವರ್ಷ ಸೇವೆ ಮುಗಿಸಿದವರಿಗೆ ತಿಂಗಳ ಬಾಕಿ ಸಿಗದಿದ್ದರೂ, ಕಾಗದದ ಮೇಲೆ ಕೊನೆಯ ವೇತನ 3,000 ರೂ. ಏರಿದ್ದರೆ ಗ್ರಾಚ್ಯುಟಿ ಸೂತ್ರದ ಪ್ರಕಾರ, ಅಂದರೆ ಕೊನೆಯ ವೇತನವನ್ನು 26ರಿಂದ ಭಾಗಿಸಿ 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಿದರೆ, ವ್ಯತ್ಯಾಸ 51,923 ರೂ. ಗಳಿಕೆ ರಜೆ ನಗದೀಕರಣದ ವ್ಯತ್ಯಾಸ ಬೇರೆ. ಆದೇಶದಲ್ಲಿ ಈ ಮರುಲೆಕ್ಕದ ಮಾತಿದ್ದರೆ ಕೊನೆಯ ವೇತನ ಪ್ರಮಾಣಪತ್ರ, ಗ್ರಾಚ್ಯುಟಿ ಪಾವತಿ ಆದೇಶ, ಬ್ಯಾಂಕ್ ಪಾಸ್‌ಬುಕ್‌ಗಳ ಪ್ರತಿಯೊಂದಿಗೆ ವಿಭಾಗೀಯ ಕಚೇರಿಯ ಲೆಕ್ಕಪತ್ರ ಶಾಖೆಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು.